ಏರುಗಲ್ಲಿನ ದೆವ್ವ ಮತ್ತು ಕೆಂಪಾಚಾರಿಯ ಮೀಟರು

ಬಲು ಹಿಂದೆ, ಎಷ್ಟು ಹಿಂದೆ ಅಂತ ಕೇಳಬೇಡಿ, ನನಗೆ ಹೇಳಿದವರೂ ಹೇಳಲಿಲ್ಲ, ಬಸಳೆದೊಡ್ಡಿ ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಕೆಂಪಾಚಾರಿ ಅಂತ ಒಬ್ಬ ಮೆಕ್ಯಾನಿಕ್ ಇದ್ದನಂತೆ. ಎರಡು ಊರಾಚೆ ಬರುತ್ತಿದ್ದ ಲಾರಿಯ ಸದ್ದು ಕೇಳಿ ಯಾವ ಬೋಲ್ಟು ಸಡಿಲ ಅಂತ ಇಲ್ಲಿಂದಲೇ ಹೇಳುತ್ತಿದ್ದನಂತೆ. ಡ್ರೈವರನ ಟವೆಲ್ ಮೂಸಿ ಗಾಡಿಯ ಕಾಯಿಲೆ ಹೇಳುತ್ತಿದ್ದ ಅನ್ನುವವರೂ ಇದ್ದಾರೆ. ಟವೆಲ್ಲಿನ ಮಾತು ನಾನು ನಂಬುವುದಿಲ್ಲ. ಲಾರಿಯದ್ದು ನಂಬುತ್ತೇನೆ.

ಅದೇ ಊರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬ ಹೆಂಗಸು. ಅವಳಿಗೊಂದು ಡೀಸೆಲ್ ಪಿಕಪ್ ಗಾಡಿ, ಓಡಿಸುವವಳೂ ಅವಳೇ. ಊರಿನ ರೇಷ್ಮೆಗೂಡನ್ನೆಲ್ಲ ತುಂಬಿಕೊಂಡು, ಏರುಗಲ್ಲಿನ ದಾರಿ ಹತ್ತಿ, ಹರಾಜು ಶುರುವಾಗುವ ಮುಂಚೆ ಮಾರ್ಕೆಟ್ಟು ಮುಟ್ಟಿಸಬೇಕು. ಅದೇ ಅವಳ ಬದುಕು. ಆ ವರ್ಷ ಆಯುಧಪೂಜೆ ಕಳೆದದ್ದೇ ತಡ, ಗಾಡಿಗೆ ಅದೇನಾಯಿತೋ, ಏರಿನ ನಡುವಿನ ದೊಡ್ಡ ಬಂಡೆಯ ಹತ್ತಿರ ಬಂದು ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತಂತೆ. ದಿನಾ ಅಲ್ಲೇ. ಅವಳು ಇಳಿದು, ಟ್ಯಾಂಕಿನ ಮುಚ್ಚಳ ತೆಗೆದು, ಕಡ್ಡಿ ಇಳಿಬಿಟ್ಟು ನೋಡುವಳು. ಡೀಸೆಲ್ ಬೇಕಾದಷ್ಟಿದೆ. ಮುಚ್ಚಳ ಹಾಕಿ, ಬಂಡೆಗೆ ಒಂದು ತೆಂಗಿನಕಾಯಿ ಒಡೆದು, ಕೈಮುಗಿದು ಕೀಲಿ ತಿರುಗಿಸಿದರೆ ಗಾಡಿ ಹೊರಡುವುದು. ಕಾಯಿ ಒಡೆದರೆ ಹೊರಡುತ್ತದೆ ಅಂದಮೇಲೆ ಇನ್ನೇನು, ಬಂಡೆಯ ದೆವ್ವ ಅವಳ ಗಾಡಿಗೆ ಗಂಟುಬಿದ್ದಿದೆ ಅಂತ ಊರೇ ತೀರ್ಮಾನ ಮಾಡಿತಂತೆ. ಯಾರೋ ಬುದ್ಧಿವಂತ ಬಂಡೆಯ ಪಕ್ಕದಲ್ಲೇ ಕಾಯಿ ಅಂಗಡಿ ಇಟ್ಟನಂತೆ.

ಕೆಂಪಾಚಾರಿ ಮೂರು ಸಲ ಗಾಡಿ ಬಿಚ್ಚಿದ, ಮೂರು ಸಲ ಜೋಡಿಸಿದ. ಊರೊಳಗೆ ಓಡಿಸಿದರೆ ಸಾಧು ಹಸುವಿನ ಹಾಗೆ ಓಡುವುದು. ಇತ್ತ ದಿನಾ ಹರಾಜಿಗೆ ತಡವಾಗಿ, ಗೂಡಿನವರು ಬೇರೆ ಗಾಡಿ ಹುಡುಕತೊಡಗಿದರು. ಒಂದು ದಿನ ಚಿಕ್ಕತಾಯಮ್ಮ ಶೆಡ್ಡಿಗೆ ಬಂದು ಅತ್ತೇಬಿಟ್ಟಳಂತೆ.

"ಆಚಾರ್ರೇ, ದೆವ್ವ ಅದೆ ಅಂತ ನೀವೊಂದು ಮಾತು ಹೇಳ್ಬುಡಿ. ಗಾಡಿ ಮಾರ್ಬುಟ್ಟು ಕೂಲಿಗೆ ಹೋಯ್ತೀನಿ."

"ಗಾಡೀಲಿ ದೆವ್ವ ಅದೆ ಅಂತ ಗೊತ್ತಾದ ದಿನ ನಾನು ಸ್ಪ್ಯಾನರ್ ಕೆಳಗಿಡ್ತೀನಿ ಕಣವ್ವ" ಅಂದನಂತೆ ಆಚಾರಿ. ಅಂದುಬಿಟ್ಟ ಮೇಲೆ ಅವನಿಗೆ ಊಟ ಸೇರಲಿಲ್ಲ.

ಇಂಜಿನ್ನಿಗೆ ಡೀಸೆಲ್ ಎಷ್ಟು ಒತ್ತಡದಲ್ಲಿ ಬರುತ್ತಿದೆ ಅನ್ನುವುದು ಕಿವಿಗೆ ಕೇಳುವುದಿಲ್ಲ, ಕಣ್ಣಿಗೇ ಕಾಣಬೇಕು. ಅಟ್ಟದ ಮೇಲೆ ಹಳೇ ಲಾರಿಯೊಂದರ ಆಯಿಲ್ ಪ್ರೆಶರ್ ಮೀಟರು ಬಿದ್ದಿತ್ತು. ಅದನ್ನು ಇಳಿಸಿ ಒರೆಸಿದ. ಫಿಲ್ಟರಿನಿಂದ ಪಂಪಿಗೆ ಹೋಗುವ ಪೈಪು ಬಿಚ್ಚಿ ನಡುವೆ ಟೀ ಅನ್ನುವ ಮೂರು ಬಾಯಿಯ ಜೋಡಣೆ ಕೂರಿಸಿದ, ಹೊಸ ತಾಮ್ರದ ವಾಷರ್ ಹಾಕಿ ಬಿಗಿದ, ಟೀಯಿಂದ ಒಂದು ಸಣ್ಣ ಪೈಪು ಎಳೆದು ಮೀಟರಿಗೆ ಸೇರಿಸಿದ. ಪೈಪು ಒಡೆದರೆ ಚಿಕ್ಕತಾಯಮ್ಮನಿಗೆ ಡೀಸೆಲ್ ಅಭಿಷೇಕ ಆಗಬಾರದಲ್ಲ, ಅದಕ್ಕೆ ಮೀಟರನ್ನು ಕ್ಯಾಬಿನ್ನಿನೊಳಗೆ ತರದೆ ಬಾನೆಟ್ಟಿನ ಮೇಲೆ, ಗಾಜಿನ ಆಚೆ, ಮುಖ ಒಳಗೆ ಮಾಡಿ ನಿಲ್ಲಿಸಿದ. ಕೈಪಂಪು ಒತ್ತಿ ಒತ್ತಿ ಪೈಪಿನ ಗಾಳಿಯನ್ನೆಲ್ಲ ಹೊರಡಿಸಿದ. ಸ್ಟಾರ್ಟ್ ಮಾಡಿದರೆ ಮುಳ್ಳು ಎದ್ದು ಎರಡರ ಮೇಲೆ ನಿಂತಿತಂತೆ. ನೋಡಲು ಬಂದವರು, ಇದಕ್ಕೂ ಒಂದಿರಲಿ ಅಂತ ಮೀಟರಿಗೂ ಕೈಮುಗಿದರಂತೆ.

ಮರುದಿನ ಬೆಳಗ್ಗೆ ಗೂಡು ತುಂಬಿ ಚಿಕ್ಕತಾಯಮ್ಮ, ಆಚಾರಿ ಇಬ್ಬರೂ ಹೊರಟರು. ಸಾಕ್ಷಿಗೆ ಊರಿನ ಮೂವರು ಹಿರಿಯರು ಹಿಂದೆ ಕುಳಿತು, ಕ್ಯಾಬಿನ್ನಿನ ಹಿಂಬದಿಯ ಕಿಂಡಿಯಿಂದ ಮುಳ್ಳನ್ನೇ ನೋಡುತ್ತಿದ್ದರು. ಏರು ಶುರುವಾಯಿತು. ಎರಡರಲ್ಲಿದ್ದ ಮುಳ್ಳು ಒಂದೂವರೆಗೆ ಇಳಿಯಿತು. ಒಂದಕ್ಕೆ ಇಳಿಯಿತು. "ಬಂತು, ದೆವ್ವ ಬಂತು" ಅಂತ ಹಿರಿಯರು ಕೂಗಿಕೊಂಡರು. ಬಂಡೆ ಹತ್ತಿರ ಬಂದದ್ದೇ ಮುಳ್ಳು ಸೊನ್ನೆಗೆ ಬಿತ್ತು, ಗಾಡಿ ನಿಂತಿತು, ಅಂಗಡಿಯವನು ಕಾಯಿ ಹಿಡಿದು ಓಡಿಬಂದ.

ಆಚಾರಿ ಅವನನ್ನು ತಡೆದನಂತೆ. "ಕಾಯಿ ಒಂದು ಬೇಡ. ಮಿಕ್ಕಿದ್ದೆಲ್ಲ ದಿನಾ ಮಾಡ್ದಂಗೇ ಮಾಡವ್ವ."

ಚಿಕ್ಕತಾಯಮ್ಮ ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಟ್ಯಾಂಕು ಹುಸ್ಸ್ ಅಂತ ಉಸಿರೆಳೆದುಕೊಂಡಿತು. ದಿನಾ ಆ ಸದ್ದು ಕೇಳಿ ಅವಳು ದೆವ್ವದ ನಿಟ್ಟುಸಿರು ಅಂದುಕೊಂಡಿದ್ದಳಂತೆ. ಆಚಾರಿಯ ಕಿವಿಗೆ ಮಾತ್ರ ಅಷ್ಟೇ ಸಾಕಾಯಿತು. ಮುಚ್ಚಳವನ್ನು ತಾನೇ ಇಟ್ಟುಕೊಂಡು, ಟ್ಯಾಂಕಿನ ಬಾಯಿಗೆ ಟವೆಲ್ ಕಟ್ಟಿ, ಏರು ಹತ್ತಿಸು ಅಂದ. ಕಾಯಿ ಇಲ್ಲದೆ ಗಾಡಿ ಹೊರಟಿತು. ಏರಿನ ತುದಿ ಮುಟ್ಟಿದರೂ ಮುಳ್ಳು ಎರಡು ಬಿಟ್ಟು ಅಲ್ಲಾಡಲಿಲ್ಲ. ಹಿರಿಯರು ಗಾಡಿ ನಿಲ್ಲಿಸಿ ಇಳಿದು ಮೀಟರಿನ ಸುತ್ತ ಕುಣಿದರಂತೆ.

ಆಚಾರಿ ಮಾತ್ರ ಕೈಯಲ್ಲಿದ್ದ ಮುಚ್ಚಳ ನೋಡುತ್ತಿದ್ದ. ಟ್ಯಾಂಕಿನಿಂದ ಡೀಸೆಲ್ ಹೋದ ಜಾಗಕ್ಕೆ ಗಾಳಿ ಬರಬೇಕು, ಅದಕ್ಕೇ ಮುಚ್ಚಳದಲ್ಲಿ ರಾಗಿಕಾಳಿನಷ್ಟು ತೂತು ಇರುತ್ತದೆ. ಅದು ಮುಚ್ಚಿದರೆ ಊರೊಳಗಿನ ಸಣ್ಣ ಓಟದಲ್ಲಿ ಗೊತ್ತಾಗದು, ಏರು ಹತ್ತುವಷ್ಟರಲ್ಲಿ ಟ್ಯಾಂಕಿಗೆ ಉಸಿರು ಕಟ್ಟುತ್ತದೆ. ಆ ತೂತಿನ ಮೇಲೆ ಅರಿಸಿನ ಕುಂಕುಮ ಕಲೆಸಿದ್ದು ಕಲ್ಲಾಗಿ ಕೂತಿತ್ತು. ಅದರ ಮೇಲೊಂದು ಹೆಬ್ಬೆಟ್ಟಿನ ಗುರುತು. ಆಯುಧಪೂಜೆಯ ದಿನ ಎಲ್ಲರೂ ಬಾನೆಟ್ಟಿಗೆ ಕುಂಕುಮ ಇಟ್ಟರೆ, ಗಾಡಿ ಉಣ್ಣುವ ಬಾಯಿ ಇದು, ಇದಕ್ಕೂ ಇರಲಿ ಅಂತ ಮುಚ್ಚಳಕ್ಕೂ ಇಡುವವನು ಆ ಸೀಮೆಯಲ್ಲಿ ಒಬ್ಬನೇ ಇದ್ದ. ಅವನು ಕೆಂಪಾಚಾರಿ.

ಎಲ್ಲರ ಕಣ್ಣೂ ಮುಳ್ಳಿನ ಮೇಲೆ. ಉಗುರಿನಲ್ಲಿ ಕೆರೆದು ಸುಮ್ಮನಿದ್ದರೆ ದೆವ್ವ ಬಿಡಿಸಿದ ಆಚಾರಿ ಅಂತ ಹೆಸರು. ಉಗುರು ಮುಚ್ಚಳದ ತನಕ ಹೋಗಿಯೂ ಇತ್ತಂತೆ. ಅಷ್ಟರಲ್ಲಿ ಚಿಕ್ಕತಾಯಮ್ಮ ಕಣ್ಣಲ್ಲಿ ನೀರು ತಂದುಕೊಂಡು ಅವನ ಕಾಲಿಗೆ ಬೀಳಲು ಬಂದಳು. "ದೆವ್ವ ಹೋಯ್ತಾ ಆಚಾರ್ರೇ?"

ಅವನಿಗೆ ತಡೆಯಲಾಗಲಿಲ್ಲ. "ಎಲ್ಲಿಗೋಯ್ತದೆ ಕಣವ್ವ, ನಿನ್ನ ಮುಂದೇ ನಿಂತದೆ" ಅಂದು, ಮುಚ್ಚಳದ ಗುರುತಿನ ಮೇಲೆ ತನ್ನ ಹೆಬ್ಬೆಟ್ಟು ಇಟ್ಟು ತೋರಿಸಿದನಂತೆ. ಅಳತೆ ಸರಿಯಾಗಿ ಕೂತಿತು. ಆಮೇಲೆ ಕೊಟ್ಟ ಮಾತಿನಂತೆ ಸ್ಪ್ಯಾನರ್ ತೆಗೆದು ಅವಳ ಮುಂದೆ ಕೆಳಗಿಟ್ಟ.

ಚಿಕ್ಕತಾಯಮ್ಮ ಅಷ್ಟು ದಿನ ಒಡೆದ ಒಂದೊಂದು ಕಾಯಿಯನ್ನೂ ನೆನೆಸಿಕೊಂಡು ಬಾಯಿಗೆ ಬಂದಂತೆ ಬೈದಳಂತೆ. ಬೈದು ಸುಸ್ತಾಗಿ, ಸ್ಪ್ಯಾನರ್ ಎತ್ತಿ ಅವನ ಕೈಗೇ ತುರುಕಿದಳು. "ಹಿಡಿಸ್ದೋರೇ ಬುಡಿಸಿದ್ರಲ್ಲ, ಅಷ್ಟು ಸಾಕು. ಗಾಡಿ ಹತ್ತಿ, ಹರಾಜಿಗೆ ಹೊತ್ತಾಯ್ತದೆ."

ಅಷ್ಟೆಲ್ಲ ಆದರೂ ಆವತ್ತು ಅವರೇ ಎಲ್ಲರಿಗಿಂತ ಮುಂಚೆ ಮಾರ್ಕೆಟ್ಟು ಮುಟ್ಟಿದರಂತೆ. ನನ್ನದೇ ತಪ್ಪು ಅಂತ ಬಾಯಿಬಿಟ್ಟು ಹೇಳಿದ ಮೆಕ್ಯಾನಿಕ್ಕನ್ನು ಆ ಸೀಮೆ ಅದಕ್ಕೆ ಮುಂಚೆ ಕಂಡಿರಲಿಲ್ಲ. ಆಮೇಲೂ ಕಂಡಿಲ್ಲ.

ಇವತ್ತಿಗೂ ಆಯುಧಪೂಜೆಯ ದಿನ ಬಸಳೆದೊಡ್ಡಿಯವರು ಮೊದಲು ಡೀಸೆಲ್ ಮುಚ್ಚಳ ತೆಗೆದು, ತೂತಿಗೆ ಉಫ್ ಅಂತ ಊದಿ ಮತ್ತೆ ಮುಚ್ಚುತ್ತಾರೆ. ಆಮೇಲೆ ಗಾಡಿಗಳೆಲ್ಲ ಸಾಲಾಗಿ ಏರುಗಲ್ಲಿಗೆ ಹೋಗುತ್ತವೆ. ಹೆಬ್ಬೆಟ್ಟನ್ನು ಕುಂಕುಮದಲ್ಲಿ ಅದ್ದಿ, ಆಚಾರಿಯ ಹೆಸರು ಹೇಳಿ, ಬಂಡೆಗೆ ಒತ್ತುತ್ತಾರೆ. ಕಾಯಿ ಅಂಗಡಿ ಈಗಲೂ ಚೆನ್ನಾಗಿಯೇ ನಡೆಯುತ್ತಿದೆ. ಗಾಡಿ ಬಿಟ್ಟು ಬಂಡೆಗೇಕೆ ಕುಂಕುಮ ಅಂತ ಕೇಳಿ ನೋಡಿ, ಯಾವ ಡ್ರೈವರಾದರೂ ಒಂದೇ ಮಾತು ಹೇಳುತ್ತಾನೆ:

"ಬಂಡೆ ಉಸಿರಾಡಕಿಲ್ಲ ಸ್ವಾಮಿ. ಗಾಡಿ ಉಸಿರಾಡ್ತದೆ."