ಇಳಿಸದ ಬುಟ್ಟಿ

"ಗುರುಗಳೇ, ದೂರದ ಕಂಪನಿಯ ಕೆಲಸವನ್ನು ಮನೆಯಲ್ಲೇ ಕೂತು ಮಾಡುವವನಿಗೆ ಯಾವ ಊರು ಒಳ್ಳೆಯದು?" ಎಂದು ಶಿಷ್ಯ ಇಂದುಧರ ಕೇಳಿದ.

ಅವನ ಕೆಲಸಕ್ಕೆ ಊರಿನ ಹಂಗಿರಲಿಲ್ಲ. ಲ್ಯಾಪ್‌ಟಾಪ್ ಬಿಚ್ಚಿದಲ್ಲೇ ಕಚೇರಿ. ಹೊರಗಿನ ಸದ್ದು ಕೇಳಿಸದಂತೆ ಮಾಡುವ ಹೆಡ್‌ಫೋನ್ ಸದಾ ಕೊರಳಲ್ಲಿ. ಈಗಿರುವ ಊರು ಅವನಿಗೆ ಬೇಸರವಾಗಿತ್ತು. ಬಾಡಿಗೆ, ಹವೆ, ನೀರು, ಕರೆಂಟು, ಇಂಟರ್‌ನೆಟ್ಟು ಎಂದು ಹತ್ತಾರು ಊರುಗಳನ್ನು ತೂಗಿ ನೋಡಿದ್ದ. ಒಂದಕ್ಕಿದ್ದದ್ದು ಇನ್ನೊಂದಕ್ಕಿರಲಿಲ್ಲ.

"ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ ಊರಿನ ಹಲ್ಲು ನೋಡಿದ್ದೀಯಲ್ಲೋ!" ಎಂದು ಗುರುಗಳು ನಕ್ಕರು. "ಕೂತುಕೋ. ನಿನ್ನಂಥವನೇ ಒಬ್ಬನಿದ್ದ." ಹೀಗೆಂದು ಕತೆ ಹೇಳತೊಡಗಿದರು.

ಒಬ್ಬ ಲಿಪಿಕಾರ. ದೂರದ ಅರಮನೆಗೆ ಓಲೆಗರಿಯ ಗ್ರಂಥಗಳನ್ನು ಪ್ರತಿ ಮಾಡಿಕೊಡುವುದು ಅವನ ಕಸುಬು. ಬರೆದದ್ದನ್ನು ಅಂಚೆಯಾಳು ಬಂದು ಒಯ್ಯುತ್ತಿದ್ದ. ಎಲ್ಲಿ ಕೂತು ಬರೆದೆ ಎಂದು ಅರಮನೆ ಕೇಳುತ್ತಿರಲಿಲ್ಲ. ಹಾಗಾಗಿ ಅವನು ಪಟ್ಟಣಗಳನ್ನು ಪರೀಕ್ಷೆ ಮಾಡುತ್ತ ಹೊರಟ. ಒಂದು ಕಡೆ ಬೆಳಕು ಸಾಲದು, ಇನ್ನೊಂದು ಕಡೆ ಗೆದ್ದಲು ಹೆಚ್ಚು, ಮತ್ತೊಂದು ಕಡೆ ಅಂಚೆಯ ದಾರಿ ಕೆಟ್ಟದ್ದು. ಕೊನೆಗೆ ದೊಡ್ಡ ಕೆರೆಯ ಕೆಳಗಿನ ಪಟ್ಟಣವೊಂದು ಈ ಮಹಾಶಯನ ಪರೀಕ್ಷೆಯಲ್ಲಿ ಪಾಸಾಯಿತು. ತಗ್ಗಿನ ಕೇರಿಯಲ್ಲಿ ತಂಪಾದ ಮನೆ ಹಿಡಿದ.

ಆ ಕೇರಿಗೊಂದು ಪದ್ಧತಿಯಿತ್ತು. ಬೇಸಿಗೆಯಲ್ಲಿ ಮನೆಗೊಬ್ಬರು ಕೆರೆಯ ಹೂಳು ಹೊರಬೇಕು. ಹೊತ್ತ ಬುಟ್ಟಿಯನ್ನು ದಿಬ್ಬದ ಮಂಟಪದಲ್ಲಿ ತಮ್ಮ ಮನೆಯ ಗೂಟಕ್ಕೆ ತೂಗುಹಾಕಬೇಕು. ಮಳೆಗಾಲದಲ್ಲಿ ಕೆರೆಯ ಏರಿ ಬಿರುಕು ಬಿಟ್ಟರೆ ಮಂಟಪದಲ್ಲಿ ಡೋಲು ಬಾರಿಸುತ್ತಿದ್ದರು, ಜನ ದಿಬ್ಬ ಹತ್ತುತ್ತಿದ್ದರು. ಒಂದು ಮನೆಯವರೆಲ್ಲ ಬಂದು ಸೇರಿದ ಮೇಲೆ ಆ ಮನೆಯ ಬುಟ್ಟಿ ಇಳಿಯುತ್ತಿತ್ತು. ಒಂದೇ ಒಂದು ಬುಟ್ಟಿ ಗೂಟದಲ್ಲಿ ಉಳಿದರೂ ಡೋಲು ನಿಲ್ಲುವಂತಿಲ್ಲ, ಹರಿಗೋಲಿನವರು ಹುಡುಕುವುದನ್ನು ಬಿಡುವಂತಿಲ್ಲ.

ಕೇರಿಯ ಯಜಮಾನ ಲಿಪಿಕಾರನ ಬಾಗಿಲಿಗೆ ಬಂದು ಇದನ್ನೆಲ್ಲ ಹೇಳಿದ. "ನಿಮ್ಮದೂ ಒಂದು ಬುಟ್ಟಿ ಇರಲಿ ಸ್ವಾಮಿ" ಎಂದ.

"ನಿಮ್ಮ ಕೆರೆಯ ಕೆಳಗೆ ನನಗೆ ಗೇಣು ಗದ್ದೆಯಿಲ್ಲ. ನಾನು ಉಣ್ಣುವುದು ಬೇರೆ ರಾಜ್ಯದ ಅನ್ನ. ನಾನೇಕೆ ಕೆಸರು ಹೊರಲಿ? ಬೇಕಾದರೆ ಕೂಲಿಯವನನ್ನು ಕಳಿಸುತ್ತೇನೆ" ಎಂದ ಲಿಪಿಕಾರ. ಕೂಲಿಯವನು ಬಂದ, ಹೂಳು ಹೊತ್ತ, ತನ್ನ ಬುಟ್ಟಿಯನ್ನು ತಾನೇ ಎತ್ತಿಕೊಂಡು ಹೋದ. ಲಿಪಿಕಾರನ ಗೂಟ ಬರಿದಾಗಿಯೇ ಉಳಿಯಿತು.

ಆ ಊರಿನಲ್ಲಿ ಅವನಿಗೆ ಇದ್ದದ್ದು ಒಂದೇ ಕಿರಿಕಿರಿ. ಪಕ್ಕದ ಮನೆಯ ಮುದುಕಿ ರೊಟ್ಟಿ ಬಡಿದು ಮಾರುತ್ತಿದ್ದಳು. ಬೆಳಗಾದರೆ ಪಟಪಟ, ಪಟಪಟ. ಆ ಸದ್ದಿಗೆ ಬೆಚ್ಚಿ ಬರೆಯುವ ಕೈ ಒಮ್ಮೆ ಅಲುಗಿದರೆ ಅವನ ಇಡೀ ಗರಿ ಹಾಳು.

"ಏ ಮುದುಕಿ, ನಿಲ್ಲಿಸೇ ನಿನ್ನ ಬಡಿತ!" ಎಂದು ಅವನು ಗೋಡೆಯಾಚೆಗೆ ಕೂಗುತ್ತಿದ್ದ.

"ಬಡಿಯದೆ ಆಗಲಿಕ್ಕೆ ರೊಟ್ಟಿ ನಿನ್ನ ಓಲೆಯೇನೋ? ಕಿವಿಗೆ ಅರಳೆ ತುರುಕಿಕೋ ಹೋಗು!" ಎಂದು ಅವಳು ಇನ್ನೂ ಜೋರಾಗಿ ಬಡಿಯುತ್ತಿದ್ದಳು. ಅವನು ಅರಳೆ ತುರುಕಿಕೊಂಡೇ ಬರೆಯತೊಡಗಿದ. ಆದರೆ ಬೆಳಿಗ್ಗೆ ಅವಳನ್ನು ಬೈಯುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಒಂದು ಮಳೆಗಾಲ ಏರಿ ಬಾಯಿಬಿಟ್ಟಿತು. ನಡುಹಗಲು. ಡೋಲು ಬಾರಿಸಿದರು, ಕೇರಿ ಖಾಲಿಯಾಯಿತು. ಲಿಪಿಕಾರನ ಕಿವಿಯಲ್ಲಿ ಅರಳೆ, ಕಣ್ಣು ಗರಿಯ ಮೇಲೆ. ಕಾಲಿಗೆ ನೀರು ತಗುಲಿದಾಗಲೇ ಅವನು ತಲೆಯೆತ್ತಿದ್ದು. ಬಾಗಿಲು ತೆರೆದರೆ ಬೀದಿಯೇ ಹೊಳೆಯಾಗಿತ್ತು. ಗರಿಗಳ ಕಟ್ಟನ್ನು ಅವಚಿಕೊಂಡು ಅಟ್ಟ ಹತ್ತಿದ, ಅರಳೆ ಕಿತ್ತೆಸೆದ. ಆಗ ಡೋಲು ಕೇಳಿಸಿತು. ಅದು ನಿಲ್ಲುವ ತನಕ ಹುಡುಕುತ್ತಾರೆ ಎಂದು ಯಜಮಾನ ಹೇಳಿದ್ದು ನೆನಪಾಗಿ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಡೋಲು ನಿಂತಿತು.

ಎಲ್ಲರೂ ಬಂದರು ಎಂದು ಅದರ ಅರ್ಥ. ಲಿಪಿಕಾರನಿಗೆ ತನ್ನ ಬರಿಗೂಟ ಕಣ್ಣಿಗೆ ಕಟ್ಟಿತು. ಕೂಗಬೇಕೆಂದರೆ ಯಾರ ಹೆಸರು ಹಿಡಿದು ಕೂಗುವುದು? ಊರಿನ ಗಾಳಿ ಬೆಳಕನ್ನೆಲ್ಲ ಪರೀಕ್ಷೆ ಮಾಡಿದವನಿಗೆ ಅಲ್ಲಿನ ಒಬ್ಬರ ಹೆಸರೂ ತಿಳಿದಿರಲಿಲ್ಲ. ನೀರು ಅಟ್ಟದ ಏಣಿಯನ್ನು ನುಂಗುತ್ತ ಬಂತು. ಅವನು ಅಳುತ್ತ, ದಿನಾ ಕೂಗಿ ರೂಢಿಯಾದದ್ದನ್ನೇ ಕೂಗಿದ: "ಏ ಮುದುಕಿ! ಏ ಮುದುಕಿ!"

ಡೋಲು ಮತ್ತೆ ಶುರುವಾಯಿತು. ತುಸು ಹೊತ್ತಿಗೆ ಹರಿಗೋಲು ಬಂತು. ಹುಡುಗರು ಹಂಚು ಕಿತ್ತು ಅವನನ್ನು ಎಳೆದುಕೊಂಡರು. ದಿಬ್ಬದ ಮೇಲೆ ನಡೆದದ್ದನ್ನು ದಾರಿಯಲ್ಲಿ ಅವರೇ ಹೇಳಿದರು.

ದಿಬ್ಬ ಹತ್ತಿದವರಲ್ಲಿ ಕೊನೆಯವಳು ರೊಟ್ಟಿಯ ಮುದುಕಿ. ಅವಳ ಬುಟ್ಟಿ ಇಳಿದ ಕೂಡಲೇ ಡೋಲು ನಿಂತಿತ್ತು. ಅವಳು ಸುತ್ತ ಒಮ್ಮೆ ನೋಡಿ, ಇಳಿಸಿದ ಬುಟ್ಟಿಯನ್ನು ಮತ್ತೆ ಗೂಟಕ್ಕೆ ಹಾಕಿದಳಂತೆ. ಆ ಕೇರಿಯಲ್ಲಿ ಹಾಗೆ ಮಾಡಿದವರು ಅದುವರೆಗೆ ಯಾರೂ ಇರಲಿಲ್ಲ.

"ನಿನ್ನ ಮಗ ಸೊಸೆ ಇಲ್ಲೇ ಇದ್ದಾರೆ. ಇಳಿಸಮ್ಮ, ಹುಡುಗರನ್ನು ಸುಮ್ಮನೆ ನೀರಿಗೆ ದೂಡಬೇಡ" ಎಂದು ಯಜಮಾನ ಸಿಡುಕಿದ.

"ಇಳಿಸುವುದಿಲ್ಲ. ನನ್ನ ಜೊತೆ ದಿನಾ ಜಗಳಾಡುವವನು ಬಂದಿಲ್ಲ. ಇವತ್ತು ಬೆಳಿಗ್ಗೆಯೂ ಬೈದಿದ್ದಾನೆ. ಮನೆಯೊಳಗೇ ಇದ್ದಾನೆ."

"ಅವನು ಬುಟ್ಟಿಯನ್ನೇ ಹಾಕಿಲ್ಲವಲ್ಲ! ಅವನ ಹೆಸರಾದರೂ ಗೊತ್ತೇನು ನಿನಗೆ?"

"ಹೆಸರು ಗೊತ್ತಿಲ್ಲದವನು ಮುಳುಗಿ ಸಾಯಲಿ ಎಂದು ಯಾವ ಶಾಸನದಲ್ಲಿ ಬರೆದಿದೆಯೋ? ಬುಟ್ಟಿ ನನ್ನದು, ಗೂಟ ನನ್ನದು. ತಾಕತ್ತಿದ್ದರೆ ನೀನೇ ಇಳಿಸು. ಇಲ್ಲವಾದರೆ ಬಾರಿಸೋ ಡೋಲು!"

ಯಜಮಾನ ಹಲ್ಲು ಕಚ್ಚಿಕೊಂಡು ಡೋಲು ಬಾರಿಸಿದನಂತೆ.

ಹರಿಗೋಲು ದಡ ಮುಟ್ಟಿತು. ಲಿಪಿಕಾರ ನೀರು ಸೋರುತ್ತ ದಿಬ್ಬ ಹತ್ತಿ ಬಂದಾಗ ಮುದುಕಿ ಗೂಟಕ್ಕೆ ಬೆನ್ನು ಕೊಟ್ಟು ಇನ್ನೂ ನಿಂತೇ ಇದ್ದಳು. ಅವನು ಅವಳ ಕಾಲಿಗೆ ಬೀಳಹೋದ.

"ಏಳೋ ಸಾಕು. ನಾಳೆಯಿಂದ ಇನ್ನೂ ಜೋರಾಗಿ ಬಡಿಯುತ್ತೇನೆ" ಎಂದು ಅವಳು ಬುಟ್ಟಿ ಇಳಿಸಿದಳು.

ಗುರುಗಳು ಕತೆ ಮುಗಿಸಿದರು. ಇಂದುಧರನ ಮುಖ ಅರಳಿತು.

"ತಿಳಿಯಿತು ಗುರುಗಳೇ. ಅಂಥ ಮುದುಕಿ ಇರುವ ಊರನ್ನು ಹುಡುಕಬೇಕು" ಎಂದ.

"ಮತ್ತೆ ಹುಡುಕಾಟವೇ ನಿನ್ನ ತಲೆಗೆ? ಅವಳಿಲ್ಲದ ಊರಿಲ್ಲ ಕಣೋ!" ಎಂದು ಗುರುಗಳು ಗದರಿದರು. ಇಂದುಧರನ ಕೈ ಕೊರಳಿನ ಹೆಡ್‌ಫೋನಿನ ಮೇಲೆ ಹೋಯಿತು. ಗುರುಗಳು ಅದನ್ನೇ ನೋಡುತ್ತ ಕೇಳಿದರು:

"ಬೆಳಗಾದರೆ ನಿನ್ನ ಪಕ್ಕದ ಮನೆಯಿಂದ ಯಾವ ಸದ್ದು ಬರುತ್ತದೆ, ಹೇಳು ನೋಡೋಣ?"