ಆಚೆ ದಂಡೆಯ ಹಕ್ಕಿಗಳು

ಹೊಳೆದಂಡೆಯ ಒಂದು ಮಠದಲ್ಲಿ ಗವಿಸಿದ್ದನೆಂಬ ಶಿಷ್ಯನಿದ್ದ. ವಯಸ್ಸು ಮೂವತ್ತು ದಾಟಿತ್ತು. ಮಠದ ಎತ್ತುಗಳಾದರೂ ಮಧ್ಯಾಹ್ನ ಮಲಗಿ ಮೆಲುಕು ಹಾಕುತ್ತಿದ್ದವು. ಇವನು ಸುಮ್ಮನೆ ಕುಳಿತದ್ದನ್ನು ಕಂಡವರಿರಲಿಲ್ಲ.

ನೀರು ಹೊರುವವನು ಅವನೇ, ಸೌದೆ ಒಡೆಯುವವನು ಅವನೇ. ಬಂದ ಭಕ್ತರ ಚಪ್ಪಲಿ ಕಿತ್ತಿದ್ದರೆ ಅವರು ಊಟ ಮುಗಿಸಿ ಏಳುವಷ್ಟರಲ್ಲಿ ಹೊಲಿದಿಡುತ್ತಿದ್ದ.

ಮಾತು ಮಾತ್ರ ಅವನಿಗೆ ಒಗ್ಗದು. ಎದುರಿನವರ ಕಣ್ಣು ನೋಡಿದರೆ ಹೇಳಬೇಕೆಂದದ್ದು ಮರೆತುಹೋಗುತ್ತಿತ್ತು. ಪಾತ್ರೆಗಳ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಎಲ್ಲರೂ ನಕ್ಕು ಮುಗಿಸಿದ ಮೇಲೆ ಯಾಕೆ ನಕ್ಕಿರೆಂದು ಕೇಳುತ್ತಿದ್ದ. ಹಕ್ಕಿಗಳ ವಿಷಯ ಬಂದರಂತೂ ನಿಲ್ಲಿಸುವುದೇ ಇಲ್ಲ; ಕೇಳುವವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು.

ಇಂಥವನನ್ನು ಯಾರಾದರೂ ಹತ್ತಿರ ಇಟ್ಟುಕೊಂಡರೆ ಅದು ಕೈಕೆಲಸಕ್ಕೆ ಮಾತ್ರ ಎಂದು ಅವನು ಎಂದೋ ತೀರ್ಮಾನಿಸಿಬಿಟ್ಟಿದ್ದ.

ಅವನ ಗುರುವನ್ನು ಊರೆಲ್ಲ ಅಜ್ಜಾರು ಎನ್ನುತ್ತಿತ್ತು. ಅವರು ಸಂಜೆಯಾದರೆ ಕರೆಯುತ್ತಿದ್ದರು.

"ಗವಿಸಿದ್ದ, ಬಾರೋ, ಹೊಳಿದಂಡಿಗೆ ಕುಂದ್ರೋಣು."

"ದನದ ಮನಿ ಬಳಿಯೋದೈತ್ರಿ ಅಜ್ಜಾರ."

ಮರುದಿನ ಕರೆದರೆ ಹಗ್ಗ ಹೊಸೆಯುವುದಿರುತ್ತಿತ್ತು. ಅದರ ಮರುದಿನ ಇನ್ನೊಂದು.

ಕೊನೆಗೊಂದು ಸಂಜೆ ಅಜ್ಜಾರು ಬೇರೆ ಮಾತು ಆಡಿದರು.

"ತಮ್ಮಾ, ನನ್ನ ಕಣ್ಣು ಮಂಜಾಗ್ಯಾವು. ಆಚೀ ದಂಡಿ ಕಾಣವಲ್ದು. ಬಂದು ನೋಡಿ ಹೇಳ್ತಿಯೇನು?"

ಕೆಲಸವೆಂದ ಮೇಲೆ ಕೇಳಬೇಕೆ? ಓಡಿ ಬಂದ.

ಅಂದಿನಿಂದ ಇಬ್ಬರೂ ದಿನಾ ಒಂದೇ ಬಂಡೆಯ ಮೇಲೆ, ಹೊಳೆಗೆ ಮುಖ ಮಾಡಿ ಕೂರುತ್ತಿದ್ದರು. ಯಾರೂ ಯಾರ ಕಣ್ಣನ್ನೂ ನೋಡಬೇಕಾಗಿರಲಿಲ್ಲ.

"ನೀರುಕಾಗಿ ರೆಕ್ಕಿ ಬಿಚ್ಚಿ ಒಣಗಿಸಾಕ ಹತ್ತೈತ್ರಿ. ಬಾತಿನ ರೆಕ್ಕಿಗೆ ನೀರು ಹತ್ತೂದಿಲ್ಲ, ಇದರ ರೆಕ್ಕಿ ನೆನೀತಾವ್ರಿ."

"ಆಮ್ಯಾಲ?"

'ಆಮೇಲೆ ಏನು' ಎಂದು ಅವನನ್ನು ಕೇಳಿದವರು ಹುಟ್ಟಿದಾಗಿನಿಂದ ಅವರೊಬ್ಬರೇ. ಗುರುವಿನ ಕಣ್ಣಾಗಿದ್ದೇನೆ ಎಂಬ ಹೆಮ್ಮೆಗೆ ಅವನಿಗೆ ಉಂಡ ಅನ್ನವೂ ರುಚಿಸತೊಡಗಿತು.

ಮಳೆಗಾಲ ಕಳೆದು ಚಳಿ ಬಿತ್ತು. ಒಂದು ಬೆಳಿಗ್ಗೆ ಗವಿಸಿದ್ದ ಕೊಡ ಹೊತ್ತು ಹೊಳೆಗಿಳಿದಾಗ ಅಜ್ಜಾರು ದಂಡೆಯಲ್ಲಿ ನಿಂತು ಕೂಗುತ್ತಿದ್ದರು.

"ಏ ದುರಗಪ್ಪಾ! ನಿನ್ನ ಹರಿಗೋಲಿನ ಹಗ್ಗ ಬಿಚ್ಚೈತಲೋ, ಹಿಡಕೋ!"

ಆಚೆ ದಂಡೆಯಲ್ಲಿ ಅಂಬಿಗರ ದುರಗಪ್ಪ ಹೌಹಾರಿ ಓಡಿ, ತೇಲಿ ಹೊರಟಿದ್ದ ಹರಿಗೋಲನ್ನು ಹಿಡಿದುಕೊಂಡ.

ಗವಿಸಿದ್ದ ಕೊಡ ತುಂಬಿಸದೆ ಹಿಂದಿರುಗಿದ. ಅಷ್ಟು ದೂರದ ಹಗ್ಗ ಕಂಡ ಕಣ್ಣಿಗೆ ಹಕ್ಕಿ ಕಾಣುತ್ತಿರಲಿಲ್ಲವೇ?

ಕಿವಿಯ ತುದಿಯವರೆಗೆ ಮುಖ ಬಿಸಿಯಾಯಿತು. ಇಷ್ಟು ದಿನ ಬಡಬಡಿಸಿದ್ದೆಲ್ಲ ನೆನಪಾಯಿತು. ಬಾತಿನ ರೆಕ್ಕೆ, ಟಿಟ್ಟಿಭದ ಮೊಟ್ಟೆ, ಹೇಳಿದ್ದನ್ನೇ ಮತ್ತೆ ಹೇಳಿದ್ದು. ಪಾಪ ಎಂದು ಅಜ್ಜಾರು ಸಹಿಸಿಕೊಂಡಿದ್ದರು. ಅದನ್ನೇ ಸೇವೆಯೆಂದು ತಾನು ಬೀಗಿದ್ದ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಸಂಜೆ ಅವನು ಬಂಡೆಯ ಹತ್ತಿರ ಬರಲಿಲ್ಲ. ಅಜ್ಜಾರು ಹುಡುಕಿಕೊಂಡು ಹೋದರೆ ದನದ ಮನೆಯಲ್ಲಿ ಗಂಟು ಕಟ್ಟುತ್ತಿದ್ದ.

"ಎಲ್ಲಿಗಪ್ಪಾ?"

"ಹೊಂಟೀನ್ರಿ. ನಿಮ್ಮ ಕಣ್ಣು ಛಲೋ ಅದಾವು."

"ಅದಾವು."

"ಮತ್ಯಾಕ ಸುಳ್ಳು ಹೇಳಿದ್ರಿ?"

ಅಜ್ಜಾರು ಹುಲ್ಲಿನ ಮೇಲೆ ಅವನ ಪಕ್ಕಕ್ಕೆ ಕುಳಿತರು, ಎದುರಿಗಲ್ಲ.

"ಬರೇ ಬಾ ಅಂದ್ರ ನೀ ಬರಲಿಲ್ಲ. ಕೆಲಸ ಐತಿ ಅಂದೆ, ಬಂದಿ. ಸುಳ್ಳು ಹೇಳಿದ್ದು ನನ್ನ ತಪ್ಪು."

"ನನ್ನ ಮಾತಿನಿಂದ ನಿಮಗ ಏನಾರ ಉಪಯೋಗ ಆತೇನ್ರಿ?"

"ಇಲ್ಲಪ್ಪ. ಆ ಹಕ್ಕಿ ಹೆಸರು ಒಂದೂ ನೆನಪಿಲ್ಲ."

"ಹಂಗಾರ ಯಾಕ ಕೇಳ್ತಿದ್ರಿ?"

"ನೀ ಹೇಳ್ತಿದ್ದಿ."

ಗವಿಸಿದ್ದನಿಗೆ ಅರ್ಥವಾಗಲಿಲ್ಲ. ತಲೆ ಎತ್ತದೆ, ಗಂಟಿನ ಮೇಲೆ ಕಣ್ಣೀರು ಉದುರಿಸುತ್ತ, ಯಾರಿಗೂ ಹೇಳದಿದ್ದ ಮಾತನ್ನು ಹೇಳಿದ.

"ಕೆಲಸ ಇಲ್ಲಂದ್ರ ನನ್ನ ಯಾರು ಇಟ್ಕೋತಾರ್ರಿ? ಕುಂತು ಉಣ್ಣಾಕ ನನಗ ನಾಚಿಕಿ ಬರ್ತೈತಿ."

ಅಜ್ಜಾರು ಎದ್ದು ಹೋಗಲಿಲ್ಲ. ಸುಮ್ಮನೆ ಕುಳಿತೇ ಇದ್ದರು. ಸ್ವಲ್ಪ ಹೊತ್ತಿಗೆ ಎಮ್ಮೆ ಸೆಗಣಿ ಹಾಕಿತು. ಗವಿಸಿದ್ದ ಬಾಚಲು ಎದ್ದ. ಅಜ್ಜಾರು ಅವನ ಧೋತರದ ಚುಂಗು ಹಿಡಿದು ಕೂರಿಸಿದರು. ಅವನ ಕಣ್ಣು ಮಾತ್ರ ಸೆಗಣಿಯ ಮೇಲೇ ಇತ್ತು. ಎಮ್ಮೆಗೇನೂ ಅವಸರವಿರಲಿಲ್ಲ.

ಹೀಗೇ ಕತ್ತಲಾಯಿತು. ಕಡೆಗೆ ಅವನು ನೆಲ ನೋಡುತ್ತ, ಅಳುಕುತ್ತ ಕೇಳಿದ:

"ನಾಳಿ ಸಂಜೀಕ ನನಗೇನು ಕೆಲಸ್ರಿ?"

"ಏನೂ ಇಲ್ಲ," ಎಂದರು ಅಜ್ಜಾರು. "ಬಾ."