ಕರಗದ ಅಣಬೆ

ಹೊಳೆದಂಡೆಯ ಮಠದಲ್ಲಿ ಶಿವಲೆಂಕಜ್ಜ ಇದ್ದರು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ.

ಬರಮಪ್ಪ ಅವರ ಶಿಷ್ಯ. ಹೆಂಡತಿ ನೀಲವ್ವ ತೀರಿಕೊಂಡ ಮೇಲೆ ಬಂದವನು. ಅಡುಗೆ ಮಾಡುತ್ತಿದ್ದ, ಚಪ್ಪರದ ಕೆಳಗೆ ಹುಲ್ಲಿನ ಸಿವುಡುಗಳಲ್ಲಿ ಅಣಬೆ ಬೆಳೆಯುತ್ತಿದ್ದ. ಮಾತು ಕಡಿಮೆ.

ಒಂದು ಬೆಳಿಗ್ಗೆ ಮಗಳು ಹೇಳಿಕಳಿಸಿದಳು. ಕೂಸಿನ ತೊಟ್ಟಿಲ ಕಾರ್ಯ, ಅಪ್ಪ ಬರಬೇಕು.

"ಹೋಗಂಗಿಲ್ಲ ಅಜ್ಜಾರ," ಅಂದ ಬರಮಪ್ಪ. "ಮನಸ್ಸು ಗಟ್ಟಿ ಮಾಡಿಕೊಂಡೀನಿ."

"ಆತು. ಇವತ್ತು ಅಣಬಿ ಸಾರು ಮಾಡು. ಅಣಬಿ ಕರಗೂ ತನಕ ಕುದಿಸು. ನನಗ ಹಲ್ಲಿಲ್ಲ."

ಬರಮಪ್ಪ ಕುದಿಸಿದ. ನೀರು ಇಂಗಿತು, ಮತ್ತೆ ಹಾಕಿದ. ಹೊತ್ತು ನೆತ್ತಿಗೆ ಬಂತು.

"ಅಜ್ಜಾರ, ಬ್ಯಾಳಿ ಕರಗಿತು, ಉಳ್ಳಾಗಡ್ಡಿ ಕರಗಿತು. ಇದು ಕರಗವಲ್ದು. ಒಳಗ ಕಲ್ಲಿನ ಗ್ವಾಡಿ ಐತೇನು?"

"ಗ್ವಾಡಿ ಐತಿ ಖರೆ. ಕಲ್ಲಿಂದಲ್ಲ, ಸಕ್ಕರಿದು."

ಬರಮಪ್ಪ ನಕ್ಕುಬಿಟ್ಟ. ಮಠಕ್ಕೆ ಬಂದ ಮೇಲೆ ಅದೇ ಮೊದಲು.

"ಚ್ಯಾಷ್ಟಿ ಮಾಡಬ್ಯಾಡ್ರಿ. ಸಕ್ಕರಿ ಆಗಿದ್ರ ಯಾವಾಗೋ ಕರಗತಿತ್ತು."

"ಬಿಡಿಬಿಡಿಯಾಗಿ ಇದ್ರ ಕರಗತೈತಿ. ಇಲ್ಲಿ ಒಂದರ ಕೈ ಒಂದು ಹಿಡದು ಸರಪಳಿ ಆಗ್ಯಾವು. ಸರಪಳಿಗೆ ಸರಪಳಿ ಹೆಣಕೊಂಡು ಗ್ವಾಡಿ ಆಗೇತಿ."

ಬರಮಪ್ಪ ಸೌಟು ಹಿಡಿದು ಪಾತ್ರೆಯೊಳಗೆ ನೋಡಿದ.

"ನಿಮ್ಮ ನೀಲವ್ವ ದಿನಾ ಈಟೀಟು ಸಕ್ಕರಿ ಕೊಟ್ಟಿರಬೇಕಲ್ಲ?" ಕೇಳಿದರು ಅಜ್ಜ.

"ಆಕಿ ಬೈತಿದ್ಲು ರೀ."

"ಬೈಕೋತ ಉಣ್ಣಾಕ ನೀಡತಿದ್ಲೋ ಇಲ್ಲೋ?"

"ನೀಡತಿದ್ಲು. ಬಿಸಿ ರೊಟ್ಟಿ. ಮೊದಲು ನನಗ."

"ಅದೆಲ್ಲ ಕರಗಿ ಹೋತು ಅಂತ ತಿಳದೀಯೇನು?"

ಬರಮಪ್ಪ ಸೌಟು ಕೆಳಗಿಟ್ಟ.

ಅಜ್ಜ ಅವನ ಭುಜ ಹಿಡಿದು ಎದ್ದರು. ಚಪ್ಪರಕ್ಕೆ ಕರೆದುಕೊಂಡು ಹೋದರು. ಹುಲ್ಲಿನ ತುಂಬ ಅಣಬೆಯ ಬಿಳಿ ಎಳೆಗಳು ಹಬ್ಬಿದ್ದವು.

"ಪ್ರತಿ ಎಳಿಗೂ ಅದೇ ಗ್ವಾಡಿ. ಹಿಂದ ಗಟ್ಟಿ. ತುದಿಯಾಗ ಮಾತ್ರ ಮೆತ್ತಗ. ಹೊಸಾ ಸಕ್ಕರಿ ಅಲ್ಲೇ ಬಂದು ಕೂಡತೈತಿ."

"ತುದೀನೂ ಗಟ್ಟಿ ಆದ್ರ?"

"ಅಲ್ಲಿಗೇ ನಿಂತಂಗ. ಮುಂದ ಬೆಳ್ಯಂಗಿಲ್ಲ."

ಬರಮಪ್ಪ ಸಿವುಡಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಒಂದು ಎಳೆಯ ತುದಿಗೆ ಬೆರಳು ಒಯ್ದ. ಮುಟ್ಟದೆ ಹಿಂದಕ್ಕೆ ತೆಗೆದ.

"ಅಜ್ಜಾರ, ಕೂಸಿಗೆ ಆಕಿ ಹೆಸರೇ ಇಡತಾರಂತ. ಕಿವಿಯಾಗ ಆ ಹೆಸರು ಕರಿಯುವಾಗ ನಾ ಅತ್ತಬಿಟ್ರ? ಅಷ್ಟು ಮಂದಿ ಮುಂದ, ಶುಭಕಾರ್ಯದಾಗ?"

ಅಜ್ಜ ತಮ್ಮ ಹೆಗಲ ವಸ್ತ್ರದಿಂದ ಅವನ ಮುಖ ಒರೆಸಿದರು.

"ಹೋಗಿ ಬಾ ತಮ್ಮಾ. ಬರುವಾಗ ತೊಟ್ಟಿಲ ಸಕ್ಕರಿ ಒಂದು ಚಿಟಿಕಿ ತಾ. ನನ್ನ ಬಾಯಾಗ ಅದಾದರೂ ಕರಗತೈತಿ."